ಎಲ್ಲರೂ ತಪ್ಪು ಹೇಳಿದರೆ ಅದೇ ಸರಿಯಾಗಿಬಿಡುತ್ತಾ?

ಪ್ರಶ್ನೆ: ಚಿಕ್ಕಂದಿನಿಂದ ನಾನು 'ಆಫ್ಟನ್' ಅಂತಲೇ ಹೇಳುತ್ತಾ ಬಂದವಳು. ಹೋದ ವಾರ ಮೀಟಿಂಗಿನಲ್ಲಿ ಸಹೋದ್ಯೋಗಿಯೊಬ್ಬರು ಎಲ್ಲರೆದುರು ತಿದ್ದಿದರು. "ಅದರಲ್ಲಿ ಟಿ ಸೈಲೆಂಟ್, ಆಫನ್ ಅನ್ನಬೇಕು" ಅಂದರು. ತುಂಬಾ ಮುಜುಗರವಾಯಿತು. ಮನೆಗೆ ಬಂದು ನಿಘಂಟು ತೆಗೆದರೆ ಎರಡನ್ನೂ ಕೊಟ್ಟಿದ್ದಾರೆ! ಎರಡೂ ಸರಿ ಹೇಗಾಗುತ್ತೆ ಸರ್? ಜಾಸ್ತಿ ಜನ ತಪ್ಪು ಹೇಳಿದರೆ ಅದೇ ಸರಿ ಆಗಿಬಿಡುತ್ತಾ? ಹಾಗಾದರೆ ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ಮಗಳು ಈಗ ಐದನೇ ಕ್ಲಾಸು. ಅವಳಿಗೆ ಯಾವುದು ಹೇಳಿಕೊಡಲಿ?

ಉತ್ತರ: ಮೊದಲು ಮುಜುಗರದ ವಿಷಯ ಮುಗಿಸಿಬಿಡೋಣ. ನೀವು ಹೇಳಿದ್ದು ತಪ್ಪಲ್ಲ. ನಿಮ್ಮ ಸಹೋದ್ಯೋಗಿ ಹೇಳಿದ್ದೂ ತಪ್ಪಲ್ಲ. ಅವರು ತಿದ್ದುವುದು ಮಾತ್ರ ಬೇಕಿರಲಿಲ್ಲ.

ಅದೇ ಕೆಲಸ ನಾನೂ ಮಾಡಿದ್ದೇನೆ. ಇಂಗ್ಲಿಷ್ ಉಚ್ಚಾರಣೆ ಪಾಠ ಮಾಡಲು ಶುರು ಮಾಡಿದ ಹೊಸತು. ಒಬ್ಬ ಹುಡುಗ 'ಆಫ್ಟನ್' ಅಂದ. ಅವನ ಮಾತು ತಡೆದು ತಿದ್ದಿದೆ. ಅವನು ಏನೂ ಅನ್ನಲಿಲ್ಲ. ಮಾರನೇ ದಿನ ದಪ್ಪನೆಯ ನಿಘಂಟೊಂದನ್ನು ಹೊತ್ತು ತಂದು, ಆ ಪುಟ ತೆಗೆದು ನನ್ನ ಮೇಜಿನ ಮೇಲಿಟ್ಟು, "ಸರ್, ಇಲ್ಲಿ ಎರಡೂ ಇದೆಯಲ್ಲ?" ಅಂದ. ಕ್ಲಾಸು ಗೊಳ್ಳೆಂದಿತು. "ಎರಡನೆಯದು ಜನ ಸುಮ್ನೆ ಹೇಳೋದು ಕಣಪ್ಪಾ, ಮೊದಲನೆಯದೇ ಸರಿ" ಅಂತ ಹೇಳಿ ತಪ್ಪಿಸಿಕೊಂಡೆ. ಮೊದಲನೆಯದೂ ಜನ ಸುಮ್ನೆ ಹೇಳುತ್ತಾ ಬಂದದ್ದೇ ಅನ್ನೋದು ನನಗೆ ಆಗ ಹೊಳೆದಿರಲಿಲ್ಲ.

ಆ ಒಂದು ಪದವನ್ನೇ ಹತ್ತಿರದಿಂದ ನೋಡೋಣ. 'ಆಫ್ಟ್' ಅಂತ ಹಳೆಯ ಇಂಗ್ಲಿಷಿನಲ್ಲೊಂದು ಪದವಿತ್ತು. ಅದು ಬೆಳೆದು 'ಆಫ್ಟನ್' ಆಯಿತು. ಆಗ ಜನ 'ಟ'ವನ್ನು ಚೆನ್ನಾಗಿಯೇ ಉಚ್ಚರಿಸುತ್ತಿದ್ದರು. ಆದರೆ ಬೇಗ ಬೇಗ ಹೇಳಿ ನೋಡಿ. ಫ, ಟ, ನ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ನಡುವಿನ 'ಟ' ನಾಲಿಗೆಗೆ ಭಾರ. ಸುಮಾರು 17ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಜನ ಅದನ್ನು ನುಂಗಲು ಶುರು ಮಾಡಿದರು. ಇದೊಂದೇ ಪದದಲ್ಲಿ ಅಲ್ಲ. ಲಿಸನ್, ಸಾಫನ್, ಕಾಸಲ್, ವಿಸಲ್ ಎಲ್ಲದರಲ್ಲೂ ಟಿ ಬಿದ್ದುಹೋದದ್ದು ಹೀಗೇ. ಅಂದರೆ ನಿಮ್ಮ ಸಹೋದ್ಯೋಗಿ ಹಿಡಿದುಕೊಂಡಿರುವ 'ಸರಿ' ಉಚ್ಚಾರಣೆ ಒಂದು ಕಾಲದ ಸೋಮಾರಿ ಉಚ್ಚಾರಣೆ. 1791ರಲ್ಲಿ ಜಾನ್ ವಾಕರ್ ತನ್ನ ಉಚ್ಚಾರಣಾ ನಿಘಂಟು ತರುವ ಹೊತ್ತಿಗೆ ಟಿ ಇಲ್ಲದ್ದೇ ಶಿಷ್ಟರ ಮಾತಾಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 19ನೇ ಶತಮಾನದಲ್ಲಿ ಓದು ಬರಹ ಹರಡಿತು. 1870ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಸಾಮಾನ್ಯರ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಬಂದರು. ಅಲ್ಲಿಯವರೆಗೆ ಪದಗಳು ಕಿವಿಯಿಂದ ಬಾಯಿಗೆ ಬರುತ್ತಿದ್ದವು. ಈಗ ಕಣ್ಣಿಂದ ಬಾಯಿಗೆ ಬರತೊಡಗಿದವು. ಪುಟದ ಮೇಲೆ ಟಿ ಇದೆ, ಹಾಗಾಗಿ ಹೇಳಿದರು. ಬಿದ್ದುಹೋಗಿದ್ದ ಅಕ್ಷರ ಎದ್ದು ಬಂತು. 1926ರಲ್ಲಿ ಫೌಲರ್ ಎಂಬ ಪ್ರಸಿದ್ಧ ವ್ಯಾಕರಣಕಾರ ಇದನ್ನು ಹಿಡಿದು ಗೇಲಿ ಮಾಡಿದ. ಅಕ್ಕಪಕ್ಕದವರಿಗಿಂತ ಅಚ್ಚುಕಟ್ಟಾಗಿ ಮಾತಾಡುತ್ತೇನೆಂದು ತೋರಿಸಿಕೊಳ್ಳುವ ಪಂಡಿತರು, ತಮಗೂ ಸ್ಪೆಲಿಂಗ್ ಗೊತ್ತೆಂದು ತೋರಿಸಿಕೊಳ್ಳುವ ಅರೆಬರೆ ಓದಿದವರು, ಈ ಎರಡು ಜಾತಿಯವರು ಮಾತ್ರ ಟಿ ಹೇಳುತ್ತಾರೆ ಅಂತ ಅವನ ಕುಟುಕು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಬ್ರಿಟನ್, ಅಮೆರಿಕ ಎರಡೂ ಕಡೆಯ ನಿಘಂಟುಗಳಲ್ಲಿ ಆಫನ್ ಜೊತೆಗೆ ಆಫ್ಟನ್ ಕೂಡ ಕೂತಿದೆ.

ಇದರಲ್ಲಿ ನನಗೆ ಮಜಾ ಅನ್ನಿಸುವ ಸಂಗತಿ ಬೇರೆ. ಆಫ್ಟನ್‌ನಲ್ಲಿ ಟಿ ವಾಪಸ್ ಬಂತು, 'ಲಿಸ್ಟನ್' ಅಂತ ಯಾರೂ ಅನ್ನುವುದಿಲ್ಲ. 'ಆಫ್ಟ್' ಅನ್ನುವ ಹಳೇ ಪದ ಕವಿತೆಗಳಲ್ಲಿ ಉಳಿದಿತ್ತು, ಅದರಿಂದ ಟಿ ಮರಳಿತು ಅಂತ ಕಾರಣ ಕೊಡಬಹುದು. ಹಾಗಂದರೆ 'ಸಾಫ್ಟ್' ದಿನಾ ಬಾಯಲ್ಲಿರುವ ಪದ, ಆದರೂ 'ಸಾಫ್ಟನ್' ಅಂತ ಹೇಳುವವರು ಬಹಳ ಕಡಿಮೆ. ಬಳಕೆಗೆ ನ್ಯಾಯಶಾಸ್ತ್ರ ಗೊತ್ತಿಲ್ಲ. ಒಂದು ಪದಕ್ಕೆ ಹೂಂ ಅಂದದ್ದನ್ನು ಪಕ್ಕದ ಪದಕ್ಕೆ ಊಹೂಂ ಅನ್ನುತ್ತದೆ.

ನಮಗೆ ಇದು ವಿಚಿತ್ರ ಅನ್ನಿಸೋದಕ್ಕೆ ಕಾರಣವಿದೆ. ಕನ್ನಡ ಓದುವವರು ಬರೆದ ಹಾಗೆ ಓದುತ್ತೇವೆ. ಹಾಗಾಗಿ ಬರಹವೇ ಸಾಕ್ಷಿ ಅಂತ ನಂಬಿಕೆ. ಆದರೆ ಕನ್ನಡವೂ ಬದಲಾಗಿದೆ ಅಲ್ವಾ? 10ನೇ ಶತಮಾನದ ಪಂಪನಿಗೆ 'ಪೆಸರ್', ನಮಗೆ 'ಹೆಸರು'. ಅವನ 'ಪುಲಿ' ನಮ್ಮ 'ಹುಲಿ'. ಆ ಬದಲಾವಣೆಯ ಹೊತ್ತಲ್ಲಿ ಯಾವುದಾದರೂ ಅಜ್ಜ ಮೊಮ್ಮಗನಿಗೆ "ಹುಲಿ ಅಲ್ಲವೋ, ಪುಲಿ ಅನ್ನು" ಅಂತ ಗದರಿರಬಹುದು. ಮೊಮ್ಮಗ ಗೆದ್ದ. ವ್ಯತ್ಯಾಸ ಇಷ್ಟೇ: ನಾವು ಬಾಯಿ ಬದಲಾದ ಹಾಗೆ ಬರಹವನ್ನೂ ಬದಲಾಯಿಸಿಕೊಂಡೆವು. ಹಾಗಾಗಿ ಗಾಯದ ಗುರುತು ಕಾಣುವುದಿಲ್ಲ. ಇಂಗ್ಲಿಷರು ಬರಹವನ್ನು ಅಲ್ಲೇ ಬಿಟ್ಟರು. 1476ರಲ್ಲಿ ಕ್ಯಾಕ್ಸ್‌ಟನ್ ಲಂಡನ್ ಬಳಿ ಅಚ್ಚುಕೂಟ ಹಾಕಿದ. ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಅದೇ ಶತಮಾನಗಳಲ್ಲಿ, ಸುಮಾರು 1400ರಿಂದ 1700ರ ನಡುವೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. 'ನೈಟ್' ಅನ್ನುವ ಯೋಧನ ಪದದ ಮುಂದಿರುವ ಕೆ ಸುಮ್ಮನೆ ಕೂತಿರುವ ಅಲಂಕಾರ ಅಲ್ಲ, ಒಂದು ಕಾಲದಲ್ಲಿ ಜನ ನಿಜಕ್ಕೂ 'ಕ್ನಿಹ್ಟ್' ಅನ್ನುವಂತೆ ಹೇಳುತ್ತಿದ್ದರು. ಬಾಯಿ ಮುಂದೆ ಹೋಯಿತು, ಬರಹ ಅಲ್ಲೇ ನಿಂತಿತು.

ಸ್ಪೆಲಿಂಗ್ ನೋಡಿಕೊಂಡು ಉಚ್ಚಾರಣೆ ಬದಲಾದದ್ದು ಆಫ್ಟನ್ ಒಂದೇ ಅಂದುಕೊಳ್ಳಬೇಡಿ. ಲ್ಯಾಟಿನ್ ವ್ಯಾಮೋಹ ಹತ್ತಿದ ಪಂಡಿತರು ಒಂದು ಕಾಲದಲ್ಲಿ ಇಂಗ್ಲಿಷ್ ಪದಗಳಿಗೆ ಇಲ್ಲದ ಅಕ್ಷರ ತುರುಕಿದರು. ಸಾಲ ಅನ್ನುವ ಅರ್ಥದ 'ಡೆಟ್' ಪದಕ್ಕೆ ಫ್ರೆಂಚಿನಿಂದ ಬಂದಾಗ ಬಿ ಇರಲಿಲ್ಲ. ಲ್ಯಾಟಿನ್ನಿನಲ್ಲಿ 'ಡೆಬಿಟುಮ್' ಇದೆಯಲ್ಲ ಅಂತ ಬಿ ಸೇರಿಸಿದರು. ಜನ ಕ್ಯಾರೇ ಅನ್ನಲಿಲ್ಲ, ಡೆಟ್ ಅಂತಲೇ ಮುಂದುವರಿಸಿದರು. 'ಪರ್ಫಿಟ್' ಅಂತಿದ್ದ ಪದಕ್ಕೂ ಹೀಗೇ ಸಿ ತುರುಕಿದರು. ಇಲ್ಲಿ ಮಾತ್ರ ಜನ ಆ ಅಕ್ಷರವನ್ನು ಬಾಯಿಗೂ ಹಾಕಿಕೊಂಡು 'ಪರ್ಫೆಕ್ಟ್' ಅಂದರು. 'ಔಟರ್' ಅನ್ನುವಂತಿದ್ದ ಪದದ ಸ್ಪೆಲಿಂಗಿಗೆ ಎಚ್ ಸೇರಿ ಅದು 'ಆಥರ್' ಆಯಿತು. ಆದರೆ ಅದೇ ಎಚ್ ಇರುವ ಥೇಮ್ಸ್ ನದಿ ಇವತ್ತಿಗೂ ಲಂಡನ್ನಿನವರ ಬಾಯಲ್ಲಿ 'ಟೆಮ್ಸ್'. ಪಂಡಿತರು ಅಕ್ಷರ ಸೇರಿಸಬಹುದು, ಒಪ್ಪುವುದು ಬಿಡುವುದು ಜನರ ಇಷ್ಟ.

ಇನ್ನು ಶುದ್ಧ ತಪ್ಪೇ ಸರಿಯಾದ ಪದಗಳು. ಹಕ್ಕಿ ಅನ್ನುವ 'ಬರ್ಡ್' ಹಳೆಯ ಇಂಗ್ಲಿಷಿನಲ್ಲಿ 'ಬ್ರಿಡ್'. 'ಥರ್ಡ್' ಕೂಡ 'ಥ್ರಿಡ್ಡ'. ಮೂರಕ್ಕೆ 'ಥ್ರೀ' ಅಂತೀರಿ, ಮೂರನೆಯದಕ್ಕೂ 'ಥ್ರಿಡ್' ಅಂತ ಇರಬೇಕಿತ್ತು. ನಾಲಿಗೆ ಅಕ್ಷರ ಅದಲುಬದಲು ಮಾಡಿತು. ಹಾವಿಗೆ 'ಆಡರ್' ಅನ್ನುವ ಪದವಿದೆ. ಅದು ಮೂಲತಃ 'ನಾಡರ್'. ಒಂದು ಹಾವು ಅನ್ನಲು 'ಅ ನಾಡರ್' ಅನ್ನುತ್ತಿದ್ದರು. ಕೇಳಿದವರಿಗೆ ಅದು 'ಅನ್ ಆಡರ್' ಅಂತ ಕೇಳಿಸಿತು. 'ನ್' ಹಿಂದಿನ ಪದಕ್ಕೆ ಅಂಟಿಕೊಂಡು ಹಾವಿನ ತಲೆಯೇ ಹೋಯಿತು! 'ಏಪ್ರನ್', 'ಅಂಪೈರ್' ಎರಡಕ್ಕೂ ಆದದ್ದು ಇದೇ. 'ನಿಕ್‌ನೇಮ್' ಇದಕ್ಕೆ ಉಲ್ಟಾ. ಅದು 'ಅನ್ ಏಕ್‌ನೇಮ್' ಆಗಿತ್ತು. ಅಲ್ಲಿ ನ್ ಮುಂದಕ್ಕೆ ಜಾರಿತು. ಇವತ್ತು ಯಾರಾದರೂ 'ನಾಡರ್' ಅಂದರೆ ಅವರನ್ನೇ ತಿದ್ದುತ್ತಾರೆ.

ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದು, ಬದಲಾದದ್ದೂ ಉಂಟು. ನಾವೆಲ್ಲ ಬಳಸುವ 'ಬಾಲ್ಕನಿ' ಇಟಲಿಯಿಂದ ಬಂದ ಪದ. ಇಂಗ್ಲಿಷಿನಲ್ಲಿ 19ನೇ ಶತಮಾನದ ಆರಂಭದವರೆಗೂ ಒತ್ತು ನಡುವಿನ ಅಕ್ಷರದ ಮೇಲೆ, 'ಬಲ್‌ಕೋನಿ' ಅನ್ನುವ ಹಾಗೆ. ಆಮೇಲೆ ಹೊಸ ಪೀಳಿಗೆ ಒತ್ತನ್ನು ಮೊದಲ ಅಕ್ಷರಕ್ಕೆ ತಂದಿತು. ಸ್ಯಾಮ್ಯುಯೆಲ್ ರೋಜರ್ಸ್ ಅನ್ನುವ ಕವಿ, 1855ರಲ್ಲಿ ತೀರಿಕೊಂಡವನು, ಮುದಿತನದಲ್ಲಿ ಇದನ್ನು ಕೇಳಿ ಕೇಳಿ ಬೇಸತ್ತಿದ್ದ. 'ಕಾಂಟೆಂಪ್ಲೇಟ್' ಪದದ ಒತ್ತನ್ನು ಮೊದಲಿಗೆ ತಂದದ್ದೇ ಸಾಕಾಗಿತ್ತು, ಈಗ ಈ 'ಬಾಲ್ಕನಿ' ಕೇಳಿದರೆ ನನಗೆ ಹೊಟ್ಟೆ ತೊಳೆಸುತ್ತೆ ಅನ್ನುವ ಅರ್ಥದ ಮಾತು ಹೇಳಿದ್ದ. ಅವನ ಸಂಕಟ ನಿಜವಾದದ್ದೇ. ಇವತ್ತು ಅವನಿಗೆ ಹೊಟ್ಟೆ ತೊಳೆಸಿದ ಉಚ್ಚಾರಣೆ ಬಿಟ್ಟರೆ ಇನ್ನೊಂದು ಉಳಿದೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ತೀರ್ಮಾನ ಮಾಡುವವರು ಯಾರು?

ಫ್ರೆಂಚ್ ಭಾಷೆಗೆ 17ನೇ ಶತಮಾನದಿಂದ ಅಕಾಡೆಮಿ ಇದೆ. ಇಂಗ್ಲಿಷಿಗೆ ಅಂಥದ್ದು ಯಾವತ್ತೂ ಆಗಲಿಲ್ಲ. ಪ್ರಯತ್ನ ಪಟ್ಟವರು ಸುಸ್ತಾದರು. ಇದಕ್ಕೆ ನನಗೆ ಬಲು ಇಷ್ಟದ ಕಥೆ ಸ್ಯಾಮ್ಯುಯೆಲ್ ಜಾನ್ಸನ್‌ನದು. 1755ರಲ್ಲಿ ದೊಡ್ಡ ಇಂಗ್ಲಿಷ್ ನಿಘಂಟು ತಂದವನು. ಅದರಲ್ಲಿ ಒತ್ತು ಎಲ್ಲಿ ಅಂತ ಗುರುತು ಹಾಕಿದ, ಉಳಿದ ಉಚ್ಚಾರಣೆಯ ಗೊಡವೆಗೆ ಹೆಚ್ಚು ಹೋಗಲಿಲ್ಲ. ಯಾಕೆ ಅಂತ 1772ರಲ್ಲಿ ಗೆಳೆಯ ಬಾಸ್ವೆಲ್ ಹತ್ತಿರ ಹೇಳಿಕೊಂಡ. ನಿಘಂಟಿನ ಯೋಜನೆ ಪ್ರಕಟಿಸಿದಾಗ ಲಾರ್ಡ್ ಚೆಸ್ಟರ್‌ಫೀಲ್ಡ್ ಅವನಿಗೆ 'ಗ್ರೇಟ್' ಪದವನ್ನು 'ಸ್ಟೇಟ್' ಜೊತೆ ಪ್ರಾಸ ಬರುವ ಹಾಗೆ ಹೇಳಬೇಕು ಅಂದನಂತೆ. ಸರ್ ವಿಲಿಯಂ ಯಂಗ್ ಚೀಟಿ ಕಳಿಸಿ, 'ಸೀಟ್' ಜೊತೆ ಪ್ರಾಸ ಬರಬೇಕು, 'ಗ್ರೇಟ್' ಅನ್ನುವವನು ಐರ್ಲೆಂಡಿನವನೇ ಇರಬೇಕು ಅಂದನಂತೆ. ಒಬ್ಬ ಪ್ರಭುಗಳ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವನು. ಇನ್ನೊಬ್ಬ ಕಾಮನ್ಸ್ ಸಭೆಯಲ್ಲಿ. ಇಬ್ಬರೂ ಒಂದು ಸಾಮಾನ್ಯ ಪದಕ್ಕೆ ಒಪ್ಪುತ್ತಿಲ್ಲ. ಜಾನ್ಸನ್ ಏನು ಮಾಡಬೇಕು ಹೇಳಿ!

ಆ ಜಗಳಕ್ಕೆ ಹಿನ್ನೆಲೆ ಇತ್ತು. ಇ ಮತ್ತು ಎ ಒಟ್ಟಿಗೆ ಬರುವ ಪದಗಳು ಆಗಷ್ಟೇ 'ಏ'ಯಿಂದ 'ಈ'ಗೆ ಸರಿಯುತ್ತಿದ್ದವು. 18ನೇ ಶತಮಾನದ ಆರಂಭದಲ್ಲಿ ಪೋಪ್ ಎಂಬ ಕವಿ 'ಟೀ' ಪದವನ್ನು 'ಒಬೇ' ಜೊತೆ ಪ್ರಾಸ ಕೂಡಿಸಿದ್ದಾನೆ. ಅಂದರೆ ಅವನು ಕುಡಿದದ್ದು 'ಟೇ'. ನಂತರ ಟೀ, ಸೀಟ್, ಮೀಟ್ ಎಲ್ಲ ಹೊಸ ದಾರಿ ಹಿಡಿದವು. ಗ್ರೇಟ್, ಬ್ರೇಕ್, ಸ್ಟೇಕ್ ಮಾತ್ರ ಹಟ ಹಿಡಿದು ಹಿಂದೆಯೇ ಉಳಿದವು. ಚೆಸ್ಟರ್‌ಫೀಲ್ಡ್ ಗೆದ್ದ. ಅವನು ಲಾರ್ಡ್ ಅನ್ನುವ ಕಾರಣಕ್ಕಲ್ಲ, ಜನ ಆ ಕಡೆ ವಾಲಿದರು ಅಷ್ಟೆ.

ಜಾನ್ಸನ್ ಬಿಟ್ಟ ಕೆಲಸವನ್ನು ಇಬ್ಬರು ಹಿಡಿದುಕೊಂಡರು. 1780ರಲ್ಲಿ ಥಾಮಸ್ ಶೆರಿಡನ್, 1791ರಲ್ಲಿ ಆಗಲೇ ಹೇಳಿದ ಜಾನ್ ವಾಕರ್. ಇಬ್ಬರೂ ಮೊದಲು ನಾಟಕದ ನಟರಾಗಿದ್ದವರು. ಸರಿ ಉಚ್ಚಾರಣೆಯ ವ್ಯಾಪಾರ ಶುರುವಾದದ್ದೇ ರಂಗದ ಮೇಲಿಂದ ಅನ್ನಬಹುದು. ವಾಕರ್ ತನ್ನ ನಿಘಂಟಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡಿನವರು ತಮ್ಮ 'ವಿಚಿತ್ರ'ಗಳನ್ನು ಹೇಗೆ ಬಿಡಬೇಕು ಅಂತ ನಿಯಮ ಕೊಟ್ಟ. ಜೊತೆಗೆ ಲಂಡನ್ನಿನವರಿಗೂ ಕೊಟ್ಟ. ರಾಜಧಾನಿಯಲ್ಲೇ ಹುಟ್ಟಿದವರ ಬಾಯಿಯೂ ಸರಿಯಿಲ್ಲ ಅಂದಮೇಲೆ, 'ಸರಿ' ಅನ್ನುವುದು ಊರಿಗಿಂತ ಅಂತಸ್ತಿನ ಮಾತು ಅಂತಾಯಿತು.

ನಿಜವಾದ ತಿರುವು 1917ರದು. ಡೇನಿಯಲ್ ಜೋನ್ಸ್ ಅನ್ನುವ ಧ್ವನಿಶಾಸ್ತ್ರಜ್ಞ ತಂದ ಉಚ್ಚಾರಣಾ ನಿಘಂಟು ಹೀಗೆ ಹೇಳಿ ಅನ್ನಲಿಲ್ಲ, ಇಂಥವರು ಹೀಗೆ ಹೇಳುತ್ತಾರೆ ಅಂದಿತು. 'ಇಂಥವರು' ಯಾರು ಅಂತಲೂ ಬಿಚ್ಚಿ ಹೇಳಿದ: ದಕ್ಷಿಣ ಇಂಗ್ಲೆಂಡಿನ, ಗಂಡಸರು ದೊಡ್ಡ ಬೋರ್ಡಿಂಗ್ ಶಾಲೆಗಳಲ್ಲಿ ಓದಿದ ಕುಟುಂಬಗಳು. ಬಹಳ ಸಣ್ಣ ಗುಂಪು. ಆದರೂ ಪ್ರಾಮಾಣಿಕ ಮಾತು. ಆ ಪುಸ್ತಕ ಜಗತ್ತಿನ ಮೂಲೆಮೂಲೆಯ ತರಗತಿಗೆ ಹೋದಾಗ ಮೇಷ್ಟ್ರುಗಳು ಮುನ್ನುಡಿ ಓದಲಿಲ್ಲ. ವರದಿಯನ್ನು ಕಾನೂನು ಮಾಡಿಬಿಟ್ಟರು. ಆ ಮೇಷ್ಟ್ರುಗಳಲ್ಲಿ ನಾನೂ ಒಬ್ಬ.

1926ರಲ್ಲಿ ಬಿಬಿಸಿ ಒಂದು ಸಲಹಾ ಸಮಿತಿ ಮಾಡಿತು. ರೇಡಿಯೊದಲ್ಲಿ ಮಾತಾಡುವವರು ಯಾವ ಪದ ಹೇಗೆ ಹೇಳಬೇಕು ಅಂತ ತೀರ್ಮಾನಿಸುವ ಕೆಲಸ. ಮೊದಲು ಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷ, ಆಮೇಲೆ ನಾಟಕಕಾರ ಬರ್ನಾರ್ಡ್ ಶಾ. ಜೋನ್ಸ್ ಕೂಡ ಸದಸ್ಯ. ಅತಿರಥ ಮಹಾರಥರು ಕೂತರೂ ಪದಗಳ ಬಗ್ಗೆ ಒಮ್ಮತ ಕಷ್ಟವಾಯಿತು. 1939ರಲ್ಲಿ ಯುದ್ಧ ಬಂದಾಗ ಸಮಿತಿ ನಿಂತುಹೋಯಿತು. 1990ರಲ್ಲಿ ಬಂದ ನಿಘಂಟೊಂದರಲ್ಲಿ ಧ್ವನಿಶಾಸ್ತ್ರಜ್ಞ ಜಾನ್ ವೆಲ್ಸ್ ಸಮಿತಿ ಗಿಮಿತಿ ಬಿಟ್ಟು ನೇರವಾಗಿ ಜನರನ್ನೇ ಕೇಳಿದರು: ಈ ಎರಡರಲ್ಲಿ ನೀವು ಯಾವುದು ಹೇಳುತ್ತೀರಿ? ಬಂದ ಉತ್ತರವನ್ನು ಶೇಕಡಾ ಲೆಕ್ಕದಲ್ಲಿ ಪದದ ಪಕ್ಕದಲ್ಲೇ ಅಚ್ಚು ಹಾಕಿದರು. ನನ್ನ ಕೇಳಿದರೆ ನಿಘಂಟು ಇರಬೇಕಾದದ್ದು ಹೀಗೆ.

ಪದ ಹುಟ್ಟಿಸಿದವನ ಮಾತಾದರೂ ನಡೆಯುತ್ತಾ? ಅದೂ ಇಲ್ಲ. 1987ರಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಅವನ ತಂಡ ಕಂಪ್ಯೂಟರಿನ ಚಿತ್ರಗಳಿಗೆ ಒಂದು ಫೈಲ್ ನಮೂನೆ ಮಾಡಿತು. ಈಗ ಎಲ್ಲರ ಫೋನಿನಲ್ಲೂ ಕುಣಿಯುವ ಆ ಪುಟ್ಟ ಚಿತ್ರಗಳು. ಅವನ ಪ್ರಕಾರ ಅದು 'ಜಿಫ್'. 2013ರಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ ಭಾಷಣದ ಬದಲು ಪರದೆ ಮೇಲೆ ಅದನ್ನೇ ತೋರಿಸಿದ: ಇದು 'ಜಿಫ್', 'ಗಿಫ್' ಅಲ್ಲ. ಅಷ್ಟರಲ್ಲಿ ಅರ್ಧ ಜಗತ್ತು 'ಗಿಫ್' ಅನ್ನುತ್ತಿತ್ತು. ಅನ್ನುತ್ತಲೇ ಇದೆ. ನಿಘಂಟುಗಳು ಎರಡನ್ನೂ ಕೊಡುತ್ತವೆ. ಇದಕ್ಕೆ ಉಲ್ಟಾ ಉದಾಹರಣೆ ಬೆಣ್ಣೆಯ ಬದಲಿಗೆ ಬಳಸುವ 'ಮಾರ್ಜರಿನ್'. ಅದರ ಸ್ಪೆಲಿಂಗಿನಲ್ಲಿ ಜಿ ಆದಮೇಲೆ ಎ ಇದೆ. ಮಾರ್ಗರೆಟ್ ಅನ್ನುವ ಹೆಸರಿನ ಬೇರೇ ಇದಕ್ಕೂ ಬೇರು. ನಿಯಮದ ಪ್ರಕಾರ 'ಮಾರ್ಗರಿನ್' ಆಗಬೇಕು. ಮೊದಲು ಹಾಗೇ ಇತ್ತು. ಜನ 'ಜ' ಅಂದರು, 'ಗ' ಸತ್ತುಹೋಯಿತು. ಒಂದು ಕಡೆ ಹುಟ್ಟಿಸಿದವನು ಸೋತ, ಇನ್ನೊಂದು ಕಡೆ ಸ್ಪೆಲಿಂಗೇ ಸೋತಿತು.

ಕಾನೂನು ಮಾಡಿದ ಒಂದು ಉದಾಹರಣೆಯೂ ಇದೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೆಸರಿನ ಕೊನೆಯಲ್ಲಿ ಎಸ್ ಇದೆ, ಉಚ್ಚಾರಣೆಯಲ್ಲಿ ಇಲ್ಲ. ಹೆಸರನ್ನು ಜನ ಎರಡು ರೀತಿ ಹೇಳುತ್ತಿದ್ದರು, ಗೊಂದಲ. 1881ರಲ್ಲಿ ಶಾಸನಸಭೆ ನಿರ್ಣಯ ಮಾಡಿ ಕೊನೆಯ ಎಸ್ ಮೌನ ಅಂತ ಸಾರಿತು. ಆದರೆ ಅದೇ ಹೆಸರಿನ ನದಿ ಕ್ಯಾನ್ಸಸ್ ರಾಜ್ಯದ ಮೂಲಕವೂ ಹರಿಯುತ್ತದೆ. ಅಲ್ಲಿಯ ಹಲವರ ಬಾಯಲ್ಲಿ ಅದು 'ಆರ್‌ಕ್ಯಾನ್ಸಸ್'. ಗಡಿ ದಾಟಿದರೆ ನೀರು ಅದೇ, ಹೆಸರು ಬೇರೆ.

ಇಷ್ಟು ಓದಿ, ಸರಿ ತಪ್ಪು ಅನ್ನೋದೇ ಇಲ್ಲ, ಹೆಂಗೆ ಬೇಕಾದರೂ ಹೇಳಬಹುದು ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಎಷ್ಟು ಜನ ಹೇಳುತ್ತಾರೆ ಅನ್ನುವುದಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ಯಾರು ಹೇಳುತ್ತಾರೆ ಅನ್ನುವುದೂ ಬರುತ್ತದೆ. ಇದು ಈ ವಿಷಯದ ಕಹಿ ಭಾಗ.

'ಆಸ್ಕ್' ಪದವನ್ನು ಕೆಲವರು 'ಆಕ್ಸ್' ಅನ್ನುತ್ತಾರೆ. ಅಮೆರಿಕದ ಅನೇಕ ಕಪ್ಪು ಜನರ ಮಾತಿನಲ್ಲಿ ಇದಿದೆ. ಇದಕ್ಕಾಗಿ ಅವರನ್ನು ಹಂಗಿಸುವವರು ಈಗಲೂ ಇದ್ದಾರೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಎರಡೂ ರೂಪ ಇದ್ದವು. ಚಾಸರ್ ಕವಿ 'ಆಕ್ಸ್' ಬರೆದ. 1535ರ ಕವರ್‌ಡೇಲ್ ಬೈಬಲಿನಲ್ಲಿ ಬೇಡಿರಿ, ನಿಮಗೆ ಸಿಗುವುದು ಅನ್ನುವ ವಾಕ್ಯ ಶುರುವಾಗುವುದೇ 'ಆಕ್ಸ್' ಪದದಿಂದ. 'ಬ್ರಿಡ್' ಅದಲುಬದಲಾಗಿ 'ಬರ್ಡ್' ಆದದ್ದಕ್ಕೆ ಯಾರೂ ನಗಲಿಲ್ಲ. ಸಾವಿರ ವರ್ಷದ ಇತಿಹಾಸವಿರುವ 'ಆಕ್ಸ್' ಮಾತ್ರ ನಗೆಪಾಟಲು. ಪದದಲ್ಲಿ ದೋಷ ಇಲ್ಲ. ಅದನ್ನು ಹೇಳುವವರ ಕೈಯಲ್ಲಿ ಅಧಿಕಾರ ಇರಲಿಲ್ಲ.

ಈ ಅಧಿಕಾರದ ಆಟವನ್ನು ಅಳತೆ ಮಾಡಿ ತೋರಿಸಿದವರು ಅಮೆರಿಕದ ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್. 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು: ಶ್ರೀಮಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಯಾವುದು ಅಂತ ಮೊದಲೇ ನೋಡಿಕೊಂಡು, ಅದು ಎಲ್ಲಿ ಸಿಗುತ್ತೆ ಅಂತ ಕೆಲಸದವರನ್ನು ಕೇಳುವುದು. ಅವರು 'ಫೋರ್ತ್ ಫ್ಲೋರ್' ಅನ್ನಲೇಬೇಕು. ಆಗ ಕೇಳಿಸದವರ ಹಾಗೆ ನಟಿಸಿ ಮತ್ತೊಮ್ಮೆ ಹೇಳಿಸುವುದು. ಆಮೇಲೆ ಪಕ್ಕಕ್ಕೆ ಹೋಗಿ 'ರ್' ಬಂತೋ ಇಲ್ಲವೋ ಅಂತ ಬರೆದುಕೊಳ್ಳುವುದು. ಒಟ್ಟು 264 ಜನ. ಸ್ಯಾಕ್ಸ್‌ನಲ್ಲಿ 62 ಶೇಕಡಾ ಜನ 'ರ್' ಹೇಳಿದರು, ಪೂರ್ತಿಯೋ ಸ್ವಲ್ಪವೋ. ಮೇಸೀಸ್‌ನಲ್ಲಿ 51. ಕ್ಲೈನ್‌ನಲ್ಲಿ 20. ಎರಡನೇ ಸಲ, ಹುಷಾರಾಗಿ ಹೇಳುವಾಗ, 'ರ್' ಜಾಸ್ತಿಯಾಯಿತು. ಅಂದರೆ ಯಾವುದು 'ಮೇಲಿನವರ' ಉಚ್ಚಾರಣೆ ಅಂತ ಮಾರಾಟ ಮಾಡುವ ಹುಡುಗಿಗೂ ಗೊತ್ತಿತ್ತು.

ಈಗ ಲಂಡನ್ನಿಗೆ ಬನ್ನಿ. ಅಲ್ಲಿ 18ನೇ ಶತಮಾನದ ಕೊನೆಗೇ ಇಂಥ ಕಡೆ 'ರ್' ಕರಗುತ್ತಿತ್ತು. ಜೋನ್ಸ್ ದಾಖಲಿಸಿದ ಗೌರವಸ್ಥರ ಉಚ್ಚಾರಣೆಯಲ್ಲಿ 'ರ್' ಇಲ್ಲ, 'ಫೋತ್ ಫ್ಲೋ'. ಒಂದೇ ಧ್ವನಿ. ಒಂದು ನಗರದಲ್ಲಿ ಅದನ್ನು ನುಂಗಿದರೆ ದೊಡ್ಡವರು, ಇನ್ನೊಂದರಲ್ಲಿ ನುಂಗಿದರೆ ಬಡವರು. ಧ್ವನಿಯೊಳಗೆ ಅಂದ ಚೆಂದ ಏನೂ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಂದಹಾಗೆ, ಲಬೋವ್ ಹೆಸರನ್ನು 'ಲಬಾವ್', 'ಲಾಬೊವ್' ಅಂತೆಲ್ಲ ಹೇಳುವವರಿದ್ದಾರೆ. ಅವರು ಹೇಳಿಕೊಳ್ಳುತ್ತಿದ್ದದ್ದು 'ಬೋ' ಮೇಲೆ ಒತ್ತು ಕೊಟ್ಟು. ಮನುಷ್ಯರ ಹೆಸರಿನ ವಿಷಯದಲ್ಲಿ ಮಾತ್ರ ಬಳಕೆಯ ವಾದ ನಡೆಯುವುದಿಲ್ಲ. ಹೆಸರಿನ ಒಡೆಯ ಹೇಳಿದ್ದೇ ಅಂತಿಮ.

ಬಾಗಿಲ ಹೊರಗೆ ನಿಂತಿರುವ ಉಚ್ಚಾರಣೆಗಳೂ ಇವೆ. 'ನ್ಯೂಕ್ಲಿಯರ್' ಅನ್ನುವುದನ್ನು ಬಹಳ ಅಮೆರಿಕನ್ನರು 'ನ್ಯೂಕ್ಯುಲರ್' ಅನ್ನುತ್ತಾರೆ. ಐಸೆನ್‌ಹೋವರ್, ಜಾರ್ಜ್ ಡಬ್ಲ್ಯು ಬುಷ್ ಇಬ್ಬರೂ ಹಾಗೇ ಅನ್ನುತ್ತಿದ್ದ ಅಧ್ಯಕ್ಷರು. ಸರ್ಕ್ಯುಲರ್, ಪರ್ಟಿಕ್ಯುಲರ್, ಮಾಲಿಕ್ಯುಲರ್ ಅಂತ ಅಷ್ಟೊಂದು ಪದ ಇರುವಾಗ ನಾಲಿಗೆ ಆ ಅಚ್ಚಿಗೆ ಬೀಳುವುದು ಸಹಜ. ಮೆರಿಯಂ-ವೆಬ್‌ಸ್ಟರ್ ನಿಘಂಟು ಇದನ್ನು ಮುಚ್ಚಿಡಲಿಲ್ಲ, ಕೊಟ್ಟಿದೆ. ಆದರೆ ಅದರ ಮುಂದೆ ಭಾಗಾಕಾರದ ಗುರುತಿನಂಥ ಒಂದು ಚಿಹ್ನೆ ಹಾಕಿದೆ. ಹೀಗೆ ಹೇಳುವವರು ಇದ್ದಾರೆ, ಆದರೆ ಬಹಳ ಜನ ಇದನ್ನು ಒಪ್ಪುವುದಿಲ್ಲ ಅಂತ ಅದರ ಅರ್ಥ. ನಿಘಂಟು ನೋಡುವಾಗ ಇಂಥ ಗುರುತನ್ನೂ ನೋಡಿ. ಎರಡು ಉಚ್ಚಾರಣೆ ಕೊಟ್ಟಿದ್ದರೆ ಮೊದಲನೆಯದು ಸಾಮಾನ್ಯವಾಗಿ ಹೆಚ್ಚು ಬಳಕೆಯಲ್ಲಿರುವುದು. ಎರಡನೆಯದು ಕೀಳು ಅಂತಲ್ಲ.

ಮಗಳ ವಿಷಯಕ್ಕೆ ಬರುತ್ತೇನೆ. 'ಆಫನ್' ಹೇಳಿಕೊಡಿ. ಈಗಲೂ ಹೆಚ್ಚು ಕಡೆ ಕೇಳಿಸುವುದು ಅದೇ, ಯಾರೂ ತಿದ್ದಲು ಬರುವುದಿಲ್ಲ. ಅವಳು ನಿಮ್ಮ ಹಾಗೇ 'ಆಫ್ಟನ್' ಅಂದರೆ ಬಿಟ್ಟುಬಿಡಿ. 'ಶೆಡ್ಯೂಲ್', 'ಸ್ಕೆಡ್ಯೂಲ್' ಎರಡರಲ್ಲಿ ಯಾವುದಾದರೂ ಆಗಲಿ. ಹಳೆಯ ಕಾಲದಲ್ಲಿ ಅದು 'ಸೆಡ್ಯೂಲ್' ಆಗಿತ್ತು. 'ಈದರ್', 'ಐದರ್' ಕೂಡ ಹಾಗೇ. ಇವುಗಳ ಮೇಲೆ ಕಾಲ ಕಳೆಯಬೇಡಿ. ಆ ಹೊತ್ತನ್ನು ಒತ್ತಿನ ಮೇಲೆ ಹಾಕಿ. ನಾವು ಕನ್ನಡದವರು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, 'ಫೊಟಾಗ್ರಫರ್'ನಲ್ಲಿ ಎರಡನೆಯದಕ್ಕೆ, 'ಫೋಟೋಗ್ರಾಫಿಕ್'ನಲ್ಲಿ ಮೂರನೆಯದಕ್ಕೆ. ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ತಿಳಿಯದೆ ಹೋಗಬಹುದು. ಟಿ ಹೇಳಿದ್ದಕ್ಕೆ ಯಾರಿಗೂ ಅರ್ಥವಾಗದೆ ಹೋದದ್ದಿಲ್ಲ.

ಪುಸ್ತಕದಲ್ಲಿ ಮಾತ್ರ ಸಿಗುವ ಪದಗಳನ್ನು ಮೊದಲ ಸಲ ಬಾಯಿಗೆ ತರುವ ಮುಂಚೆ ಒಮ್ಮೆ ಕೇಳಿಸಿಕೊಳ್ಳಲು ಹೇಳಿ. ಈಗ ನಿಘಂಟಿನಲ್ಲೇ ಸ್ಪೀಕರ್ ಗುರುತು ಇರುತ್ತೆ, ಒತ್ತಿದರೆ ಸಾಕು. ನಾನು ಬಹಳ ವರ್ಷ 'ಎಪಿಟೋಮ್' ಅನ್ನುತ್ತಿದ್ದೆ. ಅದು 'ಎಪಿಟಮಿ', ಒತ್ತು ಎರಡನೇ ಅಕ್ಷರಕ್ಕೆ. ಒಂದು ತುಂಬಿದ ಸಭೆಯಲ್ಲಿ ಮೂರು ಸಲ ಹೇಳಿದ್ದೆ. ಯಾರೂ ತಿದ್ದಲಿಲ್ಲ. ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, ಮಾತಿನ ನಡುವೆ ಆ ಪದವನ್ನು ಸರಿಯಾಗಿ ಬಳಸಿ, ಏನೂ ಆಗದವರ ಹಾಗೆ ಮುಂದಕ್ಕೆ ಹೋದರು. ಮಗಳ ಬಾಯಲ್ಲಿ ಅಂಥ ಪದ ತಪ್ಪಿ ಬಂದರೆ ನೀವೂ ಅವರ ಹಾಗೇ ಮಾಡಿ.